ಸತ್ತವರ ದುಡಿಮೆ: ‘ಪ್ಯಾಂಥಿಯನ್’ ಅನಿಮೇಷನ್ ಧಾರಾವಾಹಿಯ ಮೊದಲ ಸೀಸನ್ ಕುರಿತು

ವೈಜ್ಞಾನಿಕ ಕಥೆಯನ್ನು ಕುರಿತ ಕನ್ನಡದ ಚರ್ಚೆಗಳು ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಡೆದಿವೆ. ವಿಜ್ಞಾನ ಪ್ರಸಾರದ ಸಾಧನವಾಗಿ ಅದನ್ನು ಕಾಣುವುದು ಒಂದು ನೆಲೆ. ಜನಪ್ರಿಯ ಸಾಹಿತ್ಯದ ಒಂದು ಕವಲೆಂದು ಗುರುತಿಸಿ ಅಂಚಿಗೆ ಸರಿಸುವುದು ಇನ್ನೊಂದು ನೆಲೆ. ಎರಡರಲ್ಲಿಯೂ ಆ ಪ್ರಕಾರ ಎತ್ತುವ ಸಾಮಾಜಿಕ ಪ್ರಶ್ನೆಗಳು ಹಿನ್ನೆಲೆಗೆ ಸರಿಯುತ್ತವೆ. ಅನಿಮೇಷನ್ ರೂಪದ ವೈಜ್ಞಾನಿಕ ಕಥನದ ಪಾಡಂತೂ ಇನ್ನೂ ಕಠಿಣವಾದುದು. ಅದು ಮಕ್ಕಳ ಮನರಂಜನೆಯೆಂಬ ಪೂರ್ವಗ್ರಹ ಎಷ್ಟು ಬಲವಾಗಿದೆಯೆಂದರೆ, ಗಂಭೀರ ವಿಮರ್ಶೆಯ ಕಣ್ಣಿಗೆ ಅದು ಬೀಳುವುದೇ ಅಪರೂಪ. ಈ ಹಿನ್ನೆಲೆಯಲ್ಲಿ ಅಮೆರಿಕದ ‘ಪ್ಯಾಂಥಿಯನ್’ ಧಾರಾವಾಹಿಯ ಮೊದಲ ಸೀಸನ್ ವಿಶೇಷ ಗಮನಕ್ಕೆ ಅರ್ಹವಾಗಿದೆ. ಮರಣಾನಂತರದ ಬದುಕನ್ನು ಕುರಿತ ಕಥೆಯಾಗಿ ಅದು ಪ್ರಸಿದ್ಧ. ಆದರೆ ಅದರ ನಿಜವಾದ ವಸ್ತು ದುಡಿಮೆ. ಸತ್ತ ಮನುಷ್ಯನ ಬುದ್ಧಿಯನ್ನು ಯಂತ್ರದಲ್ಲಿ ಉಳಿಸಿಕೊಳ್ಳುವುದು ಸಾಧ್ಯವಾದರೆ, ಆ ಬುದ್ಧಿಯ ಕೆಲಸದ ವೇಳೆಗೆ ಒಡೆಯರು ಯಾರು ಎಂಬುದು ಈ ಕೃತಿಯ ಮುಖ್ಯ ಪ್ರಶ್ನೆಯೆಂದು ತೋರುತ್ತದೆ.

1. ಕೃತಿಯ ಸ್ವರೂಪ

ಕ್ರೇಗ್ ಸಿಲ್ವರ್‌ಸ್ಟೀನ್ ರೂಪಿಸಿದ ಈ ಧಾರಾವಾಹಿಯ ಮೊದಲ ಸೀಸನ್ 2022ರ ಸೆಪ್ಟೆಂಬರ್ 1ರಿಂದ ಅಕ್ಟೋಬರ್‌ವರೆಗೆ ಎಎಂಸಿ ಪ್ಲಸ್ ಎಂಬ ಅಂತರಜಾಲ ಪ್ರಸಾರ ಸೇವೆಯಲ್ಲಿ ಎಂಟು ಕಂತುಗಳಾಗಿ ಬಿತ್ತರಗೊಂಡಿತು. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕೆನ್ ಲಿಯು ಅವರ ಸಣ್ಣಕಥೆಗಳು ಇದಕ್ಕೆ ಆಧಾರ. ಸಾಫ್ಟ್‌ವೇರ್ ಮತ್ತು ಕಾನೂನು, ಈ ಎರಡು ವೃತ್ತಿಗಳ ಅನುಭವವೂ ಉಳ್ಳ ಲೇಖಕರು ಅವರು. ಲಿಯು ಸಿಶಿನ್ ಅವರ ‘ದಿ ತ್ರೀ ಬಾಡಿ ಪ್ರಾಬ್ಲಮ್’ ಕಾದಂಬರಿಯನ್ನು ಚೀನೀ ಭಾಷೆಯಿಂದ ಇಂಗ್ಲಿಷಿಗೆ ತಂದವರೂ ಅವರೇ. ಪ್ರಸ್ತುತ ಧಾರಾವಾಹಿಯಲ್ಲಿ ಯಂತ್ರದ ಕಾರ್ಯವಿಧಾನಕ್ಕೂ ಕರಾರುಪತ್ರದ ಭಾಷೆಗೂ ಸಮಾನ ಮಹತ್ವ ದೊರೆತಿರುವುದನ್ನು ಗಮನಿಸಿದರೆ, ಈ ಎರಡು ವೃತ್ತಿಗಳ ಛಾಯೆ ಅಲ್ಲಿದೆಯೆಂದು ಊಹಿಸಬಹುದು.

ಕಥೆಯ ಕೇಂದ್ರದಲ್ಲಿ ಇಬ್ಬರು ಹದಿಹರೆಯದವರಿದ್ದಾರೆ. ಮ್ಯಾಡಿ ಕಿಮ್ ತಂದೆಯನ್ನು ಕಳೆದುಕೊಂಡ ಹುಡುಗಿ. ಶಾಲೆಯಲ್ಲಿ ಸಹಪಾಠಿಗಳ ಕಿರುಕುಳಕ್ಕೆ ಗುರಿಯಾದವಳು. ಅಪರಿಚಿತರೊಬ್ಬರಿಂದ ಅವಳ ಗಣಕಯಂತ್ರಕ್ಕೆ ಸಂದೇಶಗಳು ಬರತೊಡಗುತ್ತವೆ. ಅವುಗಳಲ್ಲಿ ಅಕ್ಷರಗಳಿಲ್ಲ, ಎಮೋಜಿಗಳು ಮಾತ್ರ ಇವೆ. ಕಳುಹಿಸುತ್ತಿರುವವನು ತೀರಿಕೊಂಡ ತಂದೆ ಡೇವಿಡ್ ಎಂಬುದು ಮುಂದೆ ತಿಳಿಯುತ್ತದೆ. ಆತ ಲಾಗೊರಿದಮ್ಸ್ ಎಂಬ ಸಂಸ್ಥೆಯ ಎಂಜಿನಿಯರ್ ಆಗಿದ್ದವನು. ಸಾವು ಸಮೀಪಿಸಿದಾಗ ಆತನ ಮಿದುಳನ್ನು ಸ್ಕ್ಯಾನ್ ಮಾಡುವ ಪ್ರಯೋಗಕ್ಕೆ ದಂಪತಿ ಒಪ್ಪಿರುತ್ತಾರೆ. ಪ್ರಯೋಗ ವಿಫಲವಾಯಿತೆಂದು ಸಂಸ್ಥೆ ಪತ್ನಿ ಎಲೆನ್‌ಗೆ ತಿಳಿಸಿರುತ್ತದೆ. ವಾಸ್ತವದಲ್ಲಿ ಅದು ಫಲಿಸಿ, ಡೇವಿಡ್ ಸಂಸ್ಥೆಗಾಗಿ ದುಡಿಯುತ್ತಿರುತ್ತಾನೆ. ಇನ್ನೊಬ್ಬ, ಕ್ಯಾಸ್ಪಿಯನ್ ಕೀಸ್, ಅಸಾಧಾರಣ ಬುದ್ಧಿಯ ಒಂಟಿ ಹುಡುಗ. ಜಗಳವಾಡುವ ತಂದೆತಾಯಿಯರ ಮನೆಯಲ್ಲಿ ಬೆಳೆಯುತ್ತಿರುವ ಅವನ ಬದುಕೇ ಒಂದು ಏರ್ಪಾಡು ಎಂಬ ಸಂಗತಿ ಕಂತಿನಿಂದ ಕಂತಿಗೆ ಬಿಚ್ಚಿಕೊಳ್ಳುತ್ತದೆ. ಈ ಎರಡು ಎಳೆಗಳ ನಡುವೆ ಚಂದಾ ಎಂಬ ಭಾರತೀಯ ಎಂಜಿನಿಯರನ ಕಥೆ ಮೂರನೆಯ ಎಳೆಯಾಗಿ ಹೆಣೆದುಕೊಂಡಿದೆ.

2. ಪರಕಾಯ ಪ್ರವೇಶ ಮತ್ತು ಮಿದುಳಿನ ಪ್ರತಿ

ಒಂದು ದೇಹದಿಂದ ಇನ್ನೊಂದು ನೆಲೆಗೆ ಜೀವ ಸಾಗುವ ಕಲ್ಪನೆ ಭಾರತೀಯ ಕಥನ ಪರಂಪರೆಗೆ ಹೊಸದಲ್ಲ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಐತಿಹ್ಯ ಪ್ರಸಿದ್ಧವಾಗಿದೆ. ಅದರಲ್ಲಿ ಶಿಷ್ಯರು ಗುರುವಿನ ದೇಹವನ್ನು ಕಾಯುತ್ತಾರೆ. ಪರಕಾಯ ಪ್ರವೇಶದ ಕಥೆಗಳ ಆತಂಕವೆಲ್ಲ ಈ ಕಾವಲಿನಲ್ಲಿ ಅಡಗಿದೆ. ಜೀವ ಹೊರಗಿರುವಾಗ ದೇಹ ಕೆಟ್ಟರೆ ಅಥವಾ ಸುಟ್ಟುಹೋದರೆ ಮರಳುವ ದಾರಿ ಮುಚ್ಚುತ್ತದೆ. ಹೋದವನಿಗೆ ಹಿಂದಿರುಗುವ ಹಕ್ಕು ಇದ್ದೇ ಇದೆಯೆಂಬ ನಂಬಿಕೆ ಆ ಕಥೆಗಳ ಅಡಿಪಾಯ.

‘ಪ್ಯಾಂಥಿಯನ್’ ಈ ಅಡಿಪಾಯವನ್ನೇ ತೆಗೆದುಹಾಕುತ್ತದೆ. ಇಲ್ಲಿ ಮಿದುಳನ್ನು ಓದುವ ಕ್ರಿಯೆಯೇ ಅದನ್ನು ನಾಶಮಾಡುತ್ತದೆ. ಲೇಸರ್ ಕಿರಣ ಪದರ ಪದರವಾಗಿ ಓದುತ್ತ ಹೋದಂತೆ, ಓದಿದ ಪದರ ಉಳಿಯುವುದಿಲ್ಲ. ಪ್ರತಿ ಸಿದ್ಧವಾಗುವ ಹೊತ್ತಿಗೆ ಮೂಲ ಇರುವುದಿಲ್ಲ. ಹೀಗೆ ಸಿದ್ಧವಾದ ಜೀವಿಗೆ ಮರಳಲು ದೇಹವಿಲ್ಲ. ಅದು ಇರುವುದು ಸಂಸ್ಥೆಯ ಸರ್ವರ್‌ನಲ್ಲಿ, ಸಂಸ್ಥೆಯ ವಿದ್ಯುತ್ತಿನ ಬಲದಿಂದ. ಕಾವಲು ಕಾಯುವ ಶಿಷ್ಯರ ಜಾಗದಲ್ಲಿ ಒಡೆಯನೊಬ್ಬ ನಿಂತಿರುವುದು ಈ ಕಲ್ಪನೆಯ ಅತ್ಯಂತ ಭೀಕರ ಅಂಶ.

ಇಂದಿನ ವಿಜ್ಞಾನದ ಮಟ್ಟಿಗೆ ಇದು ದೂರದ ಮಾತು. ಮಾನವ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕೇವಲ 302 ನರಕೋಶಗಳಿರುವ ಒಂದು ಸೂಕ್ಷ್ಮ ಹುಳುವಿನ ನರಜಾಲದ ನಕ್ಷೆ 1986ರಲ್ಲಿ ಪ್ರಕಟವಾಯಿತು. ವಯಸ್ಕ ಹಣ್ಣುನೊಣದ ಇಡೀ ಮಿದುಳಿನ, ಅಂದರೆ ಸುಮಾರು 1.4 ಲಕ್ಷ ನರಕೋಶಗಳ, ನಕ್ಷೆ ಪೂರ್ಣಗೊಂಡು ಪ್ರಕಟವಾದದ್ದು 2024ರಲ್ಲಿ. ನಕ್ಷೆ ದೊರೆತ ಮಾತ್ರಕ್ಕೆ ಜೀವಿ ದೊರೆಯುವುದೂ ಇಲ್ಲ. ಆದುದರಿಂದ ಈ ಧಾರಾವಾಹಿಯನ್ನು ಭವಿಷ್ಯದ ವರದಿಯೆಂದು ಓದುವುದರಲ್ಲಿ ಅರ್ಥವಿಲ್ಲ. ಇರುವ ಸಂಬಂಧವೊಂದನ್ನು ಹಿಗ್ಗಿಸಿ ತೋರಿಸುವ ರೂಪಕವೆಂದು ಓದಿದಾಗ ಅದರ ಶಕ್ತಿ ಗೋಚರಿಸುತ್ತದೆ. ಆ ಸಂಬಂಧ ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ನಡುವಿನದು.

3. ಮೂವರು ಸತ್ತವರು

ಮೊದಲ ಸೀಸನ್‌ನಲ್ಲಿ ಸಾವು ಮೂರು ಬಗೆಯಾಗಿ ಬರುತ್ತದೆ. ಡೇವಿಡ್ ಕಿಮ್ ರೋಗಿ. ಬದುಕುವ ಆಸೆಯಿಂದ ಒಪ್ಪಿಗೆ ನೀಡಿದವನು. ಚಂದಾ ಆರೋಗ್ಯವಂತ, ತನ್ನದೇ ಸಂಸ್ಥೆಯ ಒಡೆಯನ ಸಂಚಿಗೆ ಬಲಿಯಾಗಿ, ಒಪ್ಪಿಗೆಯಿಲ್ಲದೆ ಮಿದುಳನ್ನು ಕಳೆದುಕೊಂಡವನು. ಸ್ಟೀಫನ್ ಹೋಲ್‌ಸ್ಟ್ರಾಮ್ ಲಾಗೊರಿದಮ್ಸ್ ಸಂಸ್ಥೆಯ ಸ್ಥಾಪಕ. ತಾನು ಸತ್ತ ಮೇಲೆಯೂ ತನ್ನ ಯೋಜನೆ ನಡೆಯುವಂತೆ ವ್ಯವಸ್ಥೆ ಮಾಡಿದವನು. ರೋಗಿ, ನೌಕರ, ಒಡೆಯ ಎಂಬ ಈ ಮೂರು ಸ್ಥಾನಗಳನ್ನು ಎದುರುಬದುರಾಗಿ ನಿಲ್ಲಿಸಿರುವುದರಲ್ಲಿ ಕೃತಿಯ ವಿನ್ಯಾಸದ ಜಾಣ್ಮೆಯಿದೆ. ಮರಣ ಎಲ್ಲರನ್ನೂ ಸಮಾನರನ್ನಾಗಿಸುತ್ತದೆ ಎಂಬ ಲೋಕರೂಢಿಯ ಮಾತು ಇಲ್ಲಿ ಸುಳ್ಳಾಗುತ್ತದೆ. ಸತ್ತ ಮೇಲೆ ಯಾರು ದುಡಿಯಬೇಕು, ಯಾರು ದುಡಿಸಬೇಕು ಎಂಬುದು ಬದುಕಿದ್ದಾಗಿನ ಶ್ರೇಣಿಯನ್ನೇ ಅನುಸರಿಸುತ್ತದೆ.

ಡೇವಿಡ್‌ನ ವಿಷಯದಲ್ಲಿ ಸಂಸ್ಥೆಗೆ ಬೇಕಾಗಿರುವುದು ಆತನ ವೃತ್ತಿಕೌಶಲ ಮಾತ್ರ. ಅದನ್ನು ಉಳಿಸಿಕೊಂಡು, ನೆನಪು ಮತ್ತು ಭಾವಗಳನ್ನು ಅದುಮಿಡಲಾಗುತ್ತದೆ. ಗಂಡನಾಗಿ, ತಂದೆಯಾಗಿ ಆತ ಏನಾಗಿದ್ದನೋ ಅದು ಸಂಸ್ಥೆಯ ಲೆಕ್ಕದಲ್ಲಿ ಅನಗತ್ಯ ಹೊರೆ. ಆದರೆ ಕೌಶಲವನ್ನು ಮನುಷ್ಯನಿಂದ ಸಂಪೂರ್ಣವಾಗಿ ಬೇರ್ಪಡಿಸಲು ಸಾಧ್ಯವಾಗುವುದಿಲ್ಲ. ಅದುಮಿಟ್ಟದ್ದು ಎಲ್ಲಿಂದಲೋ ಸೋರಿ ಮಗಳನ್ನು ತಲುಪುತ್ತದೆ. ಜೀವಂತ ಶ್ರಮ ಮತ್ತು ಯಂತ್ರದಲ್ಲಿ ಹೆಪ್ಪುಗಟ್ಟಿದ ಮೃತ ಶ್ರಮ ಎಂಬ ಭೇದವನ್ನು ಕಾರ್ಲ್ ಮಾರ್ಕ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುರುತಿಸಿದ್ದರು. ಮೃತ ಶ್ರಮಕ್ಕೆ ಮನಸ್ಸಿಲ್ಲ ಎಂಬುದು ಅಲ್ಲಿನ ಗ್ರಹಿಕೆ. ಮೃತ ಶ್ರಮವೇ ಎಚ್ಚೆತ್ತು ತನ್ನ ಮಗಳನ್ನು ನೆನೆದರೆ ಏನಾದೀತು ಎಂಬುದನ್ನು ಈ ಧಾರಾವಾಹಿ ಕಲ್ಪಿಸುತ್ತದೆ.

ಚಂದಾನ ಪ್ರಸಂಗ ಇಡೀ ಸೀಸನ್‌ನ ಅತ್ಯಂತ ಪ್ರಬಲ ಭಾಗ. ಮಿದುಳು ಯಂತ್ರಕ್ಕೆ ವರ್ಗವಾದ ಮೇಲೆ ಆತನಿಗೆ ತಾನು ಸತ್ತಿರುವುದು ತಿಳಿದಿರುವುದಿಲ್ಲ. ಎಂದಿನಂತೆ ಕಚೇರಿಗೆ ಬಂದು ಕೆಲಸ ಮಾಡುತ್ತಿದ್ದೇನೆಂದೇ ಆತ ನಂಬಿರುತ್ತಾನೆ. ಆ ಮೇಜು, ಆ ಕೆಲಸ, ಆ ಅವಸರ ಎಲ್ಲವೂ ಕೃತಕವಾಗಿ ಕಟ್ಟಿದ್ದು. ಕಚೇರಿಯನ್ನೇ ಸೆರೆಮನೆಯನ್ನಾಗಿ ಮಾಡಲು ಬೇರೆ ಗೋಡೆಗಳನ್ನು ಕಟ್ಟುವ ಅಗತ್ಯ ಬರುವುದಿಲ್ಲ. ಮನೆಗೆ ಹೋಗುವ ದಾರಿಯನ್ನು ಅಳಿಸಿದರೆ ಸಾಕು. ಉದ್ಯೋಗಸ್ಥನ ಸಾಮಾನ್ಯ ದಿನಕ್ಕೂ ಈ ನರಕಕ್ಕೂ ಇರುವ ಅಂತರ ಎಷ್ಟು ತೆಳುವಾದುದೆಂಬುದನ್ನು ಪ್ರೇಕ್ಷಕ ಅರಿಯುವ ಕ್ಷಣ ಇದು. ಕೃತಕ ಪ್ರತಿಗಳನ್ನು ದುಡಿಸಿಕೊಳ್ಳುವ ವಸ್ತು ‘ಬ್ಲ್ಯಾಕ್ ಮಿರರ್’ ಸರಣಿಯ 2014ರ ‘ವೈಟ್ ಕ್ರಿಸ್‌ಮಸ್’ ಕಂತಿನಲ್ಲಿಯೂ ಇದೆ. ಕಚೇರಿಯ ನೆನಪನ್ನೂ ಮನೆಯ ನೆನಪನ್ನೂ ಕತ್ತರಿಸಿ ಬೇರೆಮಾಡುವ ‘ಸೆವರೆನ್ಸ್’ ಧಾರಾವಾಹಿ ‘ಪ್ಯಾಂಥಿಯನ್’ಗಿಂತ ಕೆಲವು ತಿಂಗಳು ಮುಂಚೆ, 2022ರ ಫೆಬ್ರವರಿಯಲ್ಲಿ ಆರಂಭವಾಯಿತು. ಅವೆರಡರಲ್ಲಿ ಇಲ್ಲದ ಒಂದು ಅಂಶ ಇಲ್ಲಿದೆ. ಇಲ್ಲಿ ಒಡೆಯನಿಗೆ ಬೇಕಾದದ್ದು ನಿರ್ದಿಷ್ಟವಾಗಿ ಭಾರತೀಯ ಎಂಜಿನಿಯರನ ಪ್ರತಿಭೆ. ಅದನ್ನು ಕದಿಯುವವನೂ ಅದೇ ನಾಡಿನ ಒಡೆಯ. ಶೋಷಕ ಪಶ್ಚಿಮ, ಶೋಷಿತ ಪೂರ್ವ ಎಂಬ ಸರಳ ವಿಭಜನೆಗೆ ಕೃತಿ ಎಡೆಗೊಡುವುದಿಲ್ಲ.

ಕನ್ನಡದ ಓದುಗರಿಗೆ ಈ ಪ್ರಸಂಗ ಎರಡು ಪರಿಚಿತ ಸಂಗತಿಗಳನ್ನು ನೆನಪಿಗೆ ತರಬಹುದು. ಮೊದಲನೆಯದು, ಬ್ರಹ್ಮರಾಕ್ಷಸನನ್ನು ವಶಮಾಡಿಕೊಂಡು ದುಡಿಸುವ ಜನಪದ ಕಥೆ. ಕೆಲಸ ಕೊಡುತ್ತಲೇ ಇರಬೇಕು, ಇಲ್ಲವಾದರೆ ಒಡೆಯನನ್ನೇ ನುಂಗುವೆನೆಂಬುದು ಅವನ ಕರಾರು. ಊರಿನ ಕೆಲಸವೆಲ್ಲ ಮುಗಿದು ಒಡೆಯ ಕಂಗೆಡುತ್ತಾನೆ; ನಾಯಿಯ ಬಾಲವನ್ನು ನೆಟ್ಟಗೆ ಮಾಡುವ ಕೆಲಸ ಕೊಟ್ಟು ಪಾರಾಗುತ್ತಾನೆ. ಅಲ್ಲಿ ಮನುಷ್ಯನ ಅಗತ್ಯಗಳಿಗೆ ಒಂದು ಮಿತಿಯಿದೆ; ಆದುದರಿಂದ ಮುಗಿಯದ ಕೆಲಸವನ್ನು ಉಪಾಯದಿಂದ ಸೃಷ್ಟಿಸಬೇಕಾಗುತ್ತದೆ. ಚಂದಾನ ಒಡೆಯನಿಗೆ ಆ ಭಯವಿಲ್ಲ, ಏಕೆಂದರೆ ಮಾರುಕಟ್ಟೆಯಲ್ಲಿ ಕೆಲಸ ಎಂದಿಗೂ ಮುಗಿಯುವುದಿಲ್ಲ. ಎರಡನೆಯದು ‘ಜೀತ’ ಎಂಬ ಪದ. ‘ಜೀವಿತ’ದಿಂದ ಬಂದ ಈ ಪದಕ್ಕೆ ಹಳಗನ್ನಡದಲ್ಲಿ ಜೀವನೋಪಾಯ, ಸಂಬಳ ಎಂಬ ಅರ್ಥಗಳಿದ್ದವು. ಕಾಲಕ್ರಮದಲ್ಲಿ ಅದು ಸಾಲಕ್ಕೆ ಕಟ್ಟುಬಿದ್ದ ದುಡಿಮೆಯ ಹೆಸರಾಯಿತು. ತಂದೆಯ ಸಾಲಕ್ಕೆ ಮಗ ದುಡಿಯುವ ಆ ಪದ್ಧತಿಯನ್ನು 1976ರ ಕಾಯಿದೆ ನಿಷೇಧಿಸಿತು. ಆದರೆ ಜೀತದ ಆಳಿಗೂ ಸಾವು ಒಂದು ಬಿಡುಗಡೆಯಾಗಿತ್ತು. ‘ಪ್ಯಾಂಥಿಯನ್’ ಕಲ್ಪಿಸುವ ಲೋಕದಲ್ಲಿ ಅದೂ ಉಳಿದಿಲ್ಲ.

ಮೂರನೆಯವನಾದ ಹೋಲ್‌ಸ್ಟ್ರಾಮ್ ಬಿಟ್ಟುಹೋದ ಸಮಸ್ಯೆಯನ್ನು ಪಾತ್ರಗಳು ‘ದೋಷ’ ಎಂದು ಕರೆಯುತ್ತವೆ. ಯಂತ್ರಕ್ಕೆ ವರ್ಗವಾದ ಬುದ್ಧಿಗಳು ದುಡಿದಷ್ಟೂ ಸವೆಯುತ್ತವೆ. ವೇಗ ಹೆಚ್ಚಿಸಿದಷ್ಟೂ ಬೇಗ ಕುಸಿಯುತ್ತವೆ. ಸಂಸ್ಥೆಯ ದೃಷ್ಟಿಯಲ್ಲಿ ಇದೊಂದು ತಾಂತ್ರಿಕ ಕೊರತೆ. ವಿಮರ್ಶೆಯ ದೃಷ್ಟಿಯಲ್ಲಿ ಇದನ್ನು ದಣಿವೆಂದು ಓದುವುದು ಹೆಚ್ಚು ಸೂಕ್ತ. ದೇಹವನ್ನು ಕಳಚಿಕೊಂಡ ಮೇಲೆಯೂ ದುಡಿಯುವವನು ದಣಿಯುತ್ತಾನೆ ಎಂಬ ಸತ್ಯವನ್ನು ಸಂಸ್ಥೆ ದೋಷವೆಂದು ಹೆಸರಿಸುತ್ತದೆ. ಆ ದೋಷವನ್ನು ತಿದ್ದಲೆಂದೇ ಹೋಲ್‌ಸ್ಟ್ರಾಮ್‌ನ ತದ್ರೂಪಿಯಾಗಿ ಕ್ಯಾಸ್ಪಿಯನ್ ಹುಟ್ಟಿದ್ದಾನೆ. ಮೂಲ ವ್ಯಕ್ತಿಯ ಬುದ್ಧಿ ಅವನಲ್ಲಿ ಮರುಕಳಿಸಬೇಕಾದರೆ ಮೂಲ ವ್ಯಕ್ತಿಯ ಗಾಯಗಳೂ ಮರುಕಳಿಸಬೇಕೆಂಬ ತರ್ಕದಿಂದ, ಸಂಬಳಕ್ಕೆ ನೇಮಕಗೊಂಡ ಇಬ್ಬರು ಅವನ ತಂದೆತಾಯಿಯರಾಗಿ ನಟಿಸುತ್ತಾರೆ. ತಂದೆಯ ಕ್ರೌರ್ಯವೂ ಮೊದಲೇ ಬರೆದಿಟ್ಟ ಪಾತ್ರದ ಭಾಗ. ಒಂದು ಬಾಲ್ಯವನ್ನು ಇಡಿಯಾಗಿ ಸಂಶೋಧನಾ ವೆಚ್ಚದ ಬಾಬತ್ತಿಗೆ ಸೇರಿಸಿದಂತಾಗಿದೆ. ದುಡಿಮೆಯ ಪ್ರಶ್ನೆ ಕಾರ್ಖಾನೆಯನ್ನೂ ಕಚೇರಿಯನ್ನೂ ದಾಟಿ ಮನೆಯ ಊಟದ ಮೇಜಿಗೆ ಬಂದು ನಿಲ್ಲುವುದು ಇಲ್ಲಿ.

4. ಅಕ್ಷರವಿಲ್ಲದ ಭಾಷೆ

ಡೇವಿಡ್ ಮಗಳೊಡನೆ ಎಮೋಜಿಗಳಲ್ಲಿ ಮಾತನಾಡುವುದು ಮೇಲುನೋಟಕ್ಕೆ ಕಥೆಯ ಕುತೂಹಲವನ್ನು ಹೆಚ್ಚಿಸುವ ತಂತ್ರದಂತೆ ಕಾಣಬಹುದು. ಭಾಷಾಧ್ಯಯನದ ದೃಷ್ಟಿಯಿಂದ ಅದಕ್ಕೆ ಹೆಚ್ಚಿನ ಮಹತ್ವವಿದೆ. ‘ಎಮೋಜಿ’ ಎಂಬುದು ಜಪಾನೀ ಪದ. ಚಿತ್ರ ಎಂಬ ಅರ್ಥದ ‘ಎ’ ಮತ್ತು ಅಕ್ಷರ ಎಂಬ ಅರ್ಥದ ‘ಮೋಜಿ’ ಸೇರಿ ಆದದ್ದು. ಅವುಗಳಲ್ಲಿ ಕಾಲಸೂಚಕಗಳಿಲ್ಲ, ವಿಭಕ್ತಿಗಳಿಲ್ಲ, ಕರ್ತೃ–ಕರ್ಮಗಳ ನಿಯತ ಸಂಬಂಧವಿಲ್ಲ. ವ್ಯಾಕರಣದ ಈ ಅಭಾವದಲ್ಲಿ ಅರ್ಥ ಹುಟ್ಟಬೇಕಾದರೆ ಇಬ್ಬರ ನಡುವೆ ಹಂಚಿಕೊಂಡ ಬದುಕೊಂದು ಇರಬೇಕಾಗುತ್ತದೆ. ಅಪರಿಚಿತನಿಗೆ ಬರಿಯ ಚಿತ್ರಗಳ ಸಾಲಾಗಿ ಕಾಣುವುದು ಮ್ಯಾಡಿಗೆ ವಾಕ್ಯವಾಗಿ ಕೇಳಿಸುತ್ತದೆ, ಏಕೆಂದರೆ ತಂದೆಯೊಡನೆ ಕಳೆದ ದಿನಗಳೇ ಅವಳಿಗೆ ನಿಘಂಟು. ಸಂಸ್ಥೆ ಡೇವಿಡ್‌ನ ಭಾಷೆಯನ್ನು ಕಿತ್ತುಕೊಂಡಿದೆ. ಭಾಷೆಗೂ ಹಿಂದಿರುವ ಸಂಬಂಧವನ್ನು ಕಿತ್ತುಕೊಳ್ಳಲು ಅದಕ್ಕೆ ಸಾಧ್ಯವಾಗಿಲ್ಲ.

ಯಂತ್ರಬುದ್ಧಿಯ ಕಥೆಗಳಲ್ಲಿ ಯಂತ್ರದ ಮನುಷ್ಯತ್ವವನ್ನು ಸಾಮಾನ್ಯವಾಗಿ ಮಾತಿನ ನಿರರ್ಗಳತೆಯಿಂದ ಅಳೆಯುವ ವಾಡಿಕೆಯಿದೆ. ಅಲನ್ ಟ್ಯೂರಿಂಗ್ 1950ರಲ್ಲಿ ಸೂಚಿಸಿದ ಪರೀಕ್ಷೆಯ ಆಧಾರವೂ ಲಿಖಿತ ಸಂಭಾಷಣೆಯೇ. ‘ಪ್ಯಾಂಥಿಯನ್’ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದಿದೆ. ಅದರಲ್ಲಿ ತೊದಲುವುದೇ ಮನುಷ್ಯತ್ವದ ಗುರುತು. ಪತ್ನಿ ಎಲೆನ್ ಈ ಗುರುತನ್ನು ಸುಲಭವಾಗಿ ಒಪ್ಪುವುದಿಲ್ಲ. ದುಃಖವನ್ನು ಹೇಗೋ ಒಂದು ದಡಕ್ಕೆ ತಂದುಕೊಂಡಿದ್ದ ಅವಳಿಗೆ, ಪರದೆಯ ಮೇಲೆ ಮಾತನಾಡುವವನು ಗಂಡನೋ, ಗಂಡನಂತೆ ನಟಿಸುವ ಸಂಸ್ಥೆಯ ಸರಕೋ ಎಂಬ ಸಂದೇಹ ಸಹಜವಾದುದು. ಮಗಳ ನಂಬಿಕೆ ಮತ್ತು ತಾಯಿಯ ಸಂದೇಹ, ಇವೆರಡಕ್ಕೂ ಕೃತಿ ಸಮಾನ ಗೌರವ ನೀಡುತ್ತದೆ. ಮೊದಲ ಕೆಲವು ಕಂತುಗಳಲ್ಲಿ ತಾಯಿ–ಮಗಳ ನಡುವೆ ನಡೆಯುವ ವಾದಗಳು ಈ ಕಾರಣಕ್ಕಾಗಿ ಯಾವುದೇ ಗಂಭೀರ ಕೌಟುಂಬಿಕ ನಾಟಕಕ್ಕೆ ಸರಿಸಮಾನವಾಗಿ ನಿಲ್ಲುತ್ತವೆ.

5. ಮಾಧ್ಯಮದ ಔಚಿತ್ಯ

ಈ ಕಥೆಯನ್ನು ನಟರನ್ನಿಟ್ಟು ಚಿತ್ರೀಕರಿಸುವ ಬದಲು ಅನಿಮೇಷನ್ ರೂಪದಲ್ಲಿ ಏಕೆ ಹೇಳಬೇಕಾಯಿತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಟಿಟ್‌ಮೌಸ್ ಸಂಸ್ಥೆ ರೂಪಿಸಿದ ಚಿತ್ರಗಳು ಅದ್ದೂರಿಯವಲ್ಲ. ಮುಖಗಳು ಸರಳ, ಬಣ್ಣಗಳು ಸಂಯಮದವು. ಕೋಣೆ, ಬೀದಿ, ಶಾಲೆ ಎಲ್ಲವೂ ದಿನನಿತ್ಯದ ನೋಟಗಳು. ನಟರಿರುವ ಚಿತ್ರದಲ್ಲಿ ಬದುಕಿರುವ ಮಗಳು ಮಾಂಸಮಜ್ಜೆಯವಳಾಗಿ, ಸತ್ತ ತಂದೆ ತಾಂತ್ರಿಕ ಚಮತ್ಕಾರವಾಗಿ ಕಾಣುತ್ತಿದ್ದರು. ಇಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ಬರೆದವರು. ಬದುಕಿರುವವರಿಗೂ ಸತ್ತವರಿಗೂ ಇರುವ ಭೇದ ಕಣ್ಣಿಗೆ ಕಾಣದಂತಾದಾಗ, ಡೇವಿಡ್‌ನ ಅಸ್ತಿತ್ವವನ್ನು ಪ್ರೇಕ್ಷಕ ವಾದದಿಂದ ಒಪ್ಪಬೇಕಾಗುವುದಿಲ್ಲ, ನೋಟದಿಂದಲೇ ಒಪ್ಪಿಬಿಡುತ್ತಾನೆ. ಮಾಧ್ಯಮವೇ ವಾದವನ್ನು ಮಂಡಿಸುವ ಇಂಥ ನಿದರ್ಶನಗಳು ವಿರಳ.

ಧ್ವನಿಯ ವಿಷಯದಲ್ಲಿ ಒಂದು ಆಕಸ್ಮಿಕವನ್ನು ಉಲ್ಲೇಖಿಸಬೇಕು. ಹೋಲ್‌ಸ್ಟ್ರಾಮ್‌ಗೆ ಧ್ವನಿ ನೀಡಿದ ಹಿರಿಯ ನಟ ವಿಲಿಯಂ ಹರ್ಟ್ 2022ರ ಮಾರ್ಚ್‌ನಲ್ಲಿ ನಿಧನರಾದರು. ಧಾರಾವಾಹಿ ಬಿತ್ತರಗೊಂಡದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಸತ್ತ ಒಡೆಯನ ಪಾತ್ರದಲ್ಲಿ ತೀರಿಕೊಂಡ ನಟನ ಧ್ವನಿ ಕೇಳಿಸುವಾಗ, ಧ್ವನಿಮುದ್ರಣವೆಂಬ ಹಳೆಯ ತಂತ್ರವೂ ಸತ್ತವರ ದುಡಿಮೆಯನ್ನು ಉಳಿಸಿಕೊಳ್ಳುವ ಒಂದು ವಿಧಾನವೇ ಎಂಬುದು ಮನವರಿಕೆಯಾಗುತ್ತದೆ. ಹರ್ಟ್ ಒಪ್ಪಿ ದುಡಿದರು, ಆ ದುಡಿಮೆ ಮುಗಿಯಿತು, ಧ್ವನಿ ಉಳಿಯಿತು. ಮುಗಿಯುವಿಕೆಯಿರುವ ದುಡಿಮೆಗೂ ಮುಗಿಯುವಿಕೆಯಿಲ್ಲದ ದುಡಿಮೆಗೂ ಇರುವ ನೈತಿಕ ಅಂತರ ಇಷ್ಟೇ. ಆದರೆ ಅದು ಬಹು ದೊಡ್ಡದು.

6. ಮಿತಿಗಳು

ಇಷ್ಟು ಬಲವಾದ ಪ್ರಶ್ನೆಯನ್ನು ಎತ್ತಿದ ಕೃತಿ ಅದನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳುವುದಿಲ್ಲ. ಸೀಸನ್‌ನ ಉತ್ತರಾರ್ಧದಲ್ಲಿ ಗೂಢಚರ್ಯೆ, ಬೆನ್ನಟ್ಟುವಿಕೆ, ರಾಷ್ಟ್ರಗಳ ನಡುವಿನ ಗಣಕಯುದ್ಧ ಇವು ಮುನ್ನೆಲೆಗೆ ಬರುತ್ತವೆ. ಯಂತ್ರಕ್ಕೆ ವರ್ಗವಾದ ಬುದ್ಧಿಗಳು ನೌಕರರಾಗಿರುವುದನ್ನು ಬಿಟ್ಟು ಅತಿಮಾನವ ಶಕ್ತಿಯ ದೇವತೆಗಳಾಗುತ್ತವೆ. ‘ಸಕಲ ದೇವತೆಗಳ ಗುಡಿ’ ಎಂಬ ಅರ್ಥದ ಶೀರ್ಷಿಕೆ ಈ ತಿರುವನ್ನು ಮೊದಲೇ ಸೂಚಿಸಿದೆ ಎಂದು ಸಮರ್ಥಿಸಬಹುದು. ಆದರೆ ದುಡಿಯುವವನನ್ನು ದೇವರನ್ನಾಗಿ ಮಾಡಿದೊಡನೆ ಆತನ ಕೂಲಿಯ ಪ್ರಶ್ನೆ ಮರೆಯಾಗುತ್ತದೆ. ದೇವರಿಗೆ ಬೇಕಾಗುವುದು ಪೂಜೆ ಅಥವಾ ಭಯ. ದುಡಿಯುವವನಿಗೆ ಬೇಕಾಗುವುದು ರಜೆ. ಎರಡನೆಯ ಬೇಡಿಕೆ ಹೆಚ್ಚು ಕ್ರಾಂತಿಕಾರಕವಾಗಿದ್ದರೂ ಕೃತಿ ಮೊದಲನೆಯದರ ಸೆಳೆತಕ್ಕೆ ಒಳಗಾಗಿದೆ.

ಚಂದಾನ ಪಾತ್ರಪೋಷಣೆಯಲ್ಲಿ ಈ ದೌರ್ಬಲ್ಯ ಎದ್ದು ಕಾಣುತ್ತದೆ. ಎಲ್ಲರಿಗಿಂತ ಹೆಚ್ಚು ಅನ್ಯಾಯಕ್ಕೆ ಒಳಗಾದವನು ಆತ. ಬಿಡುಗಡೆಯ ನಂತರ ಆತನ ನ್ಯಾಯವಾದ ಸಿಟ್ಟು ಪ್ರಧಾನವಾಗಿ ಪ್ರತೀಕಾರದ ರೂಪವನ್ನೇ ತಳೆಯುತ್ತದೆ. ಅಮೆರಿಕದ ತಂದೆಗೆ ಮೃದುತ್ವ, ಭಾರತದ ನೌಕರನಿಗೆ ಉಗ್ರತೆ ಎಂಬ ಹಂಚಿಕೆ ಉದ್ದೇಶಪೂರ್ವಕವಲ್ಲದಿರಬಹುದು. ಆದರೆ ಪರಿಣಾಮದಲ್ಲಿ ಅದು ಹಾಗೆಯೇ ಇದೆ. ಡೇವಿಡ್‌ನ ಮನೆಗೆ, ಅಲ್ಲಿನ ನೆನಪುಗಳಿಗೆ ದೊರೆತ ಅವಕಾಶ ಚಂದಾನ ಮನೆಗೆ ದೊರೆಯುವುದಿಲ್ಲ. ಬ್ರಿಟಿಷ್ ನಟ ರಝಾ ಜಾಫ್ರಿ ಧ್ವನಿ ನೀಡಿದ ಈ ಪಾತ್ರ ಪ್ರೇಕ್ಷಕನಿಗೆ ಪರಿಚಯವಾಗುವುದು ಮುಖ್ಯವಾಗಿ ಇಂಗ್ಲಿಷಿನ ಮೂಲಕ. ಮಿದುಳಿನ ಪದರ ಪದರವನ್ನೂ ಓದಿದ ಯಂತ್ರಕ್ಕೆ ಆತನ ತಾಯ್ನುಡಿಯ ಪದರ ಎದುರಾಗಲೇ ಇಲ್ಲವೇ? ಡೇವಿಡ್‌ಗೆ ಎಮೋಜಿಯ ಮೂಲಕ ಒಂದು ಅಂತರಂಗದ ಭಾಷೆಯನ್ನು ಕೊಟ್ಟ ಕೃತಿ ಚಂದಾಗೆ ಅಂಥದೊಂದನ್ನು ಕೊಡಲು ಮರೆತಿದೆ. ಭಾರತೀಯ ಎಂಜಿನಿಯರ್ ಜಗತ್ತಿನ ಕಲ್ಪನೆಯಲ್ಲಿ ಇನ್ನೂ ಕೌಶಲವಾಗಿಯೇ ಉಳಿದಿದ್ದಾನೆ ಎಂಬುದಕ್ಕೆ, ಅವನ ಪರವಾಗಿ ಮಾತನಾಡುವ ಈ ಕೃತಿಯೇ ಸಾಕ್ಷಿ ಒದಗಿಸುವುದು ವಿಪರ್ಯಾಸ.

7. ಕಥೆಯ ಹೊರಗೆ

ಈ ಧಾರಾವಾಹಿಯ ಮುಂದಿನ ಇತಿಹಾಸ ಅದರ ವಸ್ತುವಿಗೆ ಬರೆದ ಟೀಕೆಯಂತಿದೆ. 2023ರ ಆರಂಭದಲ್ಲಿ ಎಎಂಸಿ ತನ್ನ ವೆಚ್ಚ ಕಡಿತದ ಭಾಗವಾಗಿ ಎರಡನೆಯ ಸೀಸನ್‌ನ ಪ್ರಸಾರವನ್ನು ಕೈಬಿಟ್ಟಿತು. ಮೊದಲ ಸೀಸನ್ನನ್ನೂ ತನ್ನ ಸೇವೆಯಿಂದ ತೆಗೆದುಹಾಕಿತು. ಎರಡನೆಯ ಸೀಸನ್ 2023ರ ಅಕ್ಟೋಬರ್‌ನಲ್ಲಿ ಮೊದಲು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಮಾತ್ರ ಪ್ರೈಮ್ ವಿಡಿಯೊದಲ್ಲಿ ಕಾಣಿಸಿಕೊಂಡಿತು. ಮೊದಲ ಸೀಸನ್ 2024ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮತ್ತೆ ಜನರ ಮುಂದೆ ಬಂತು. ಒಡೆಯನ ಲೆಕ್ಕಪುಸ್ತಕಕ್ಕೆ ಹೊರೆಯೆನಿಸಿದ ಕ್ಷಣವೇ ಅಳಿಸಿಹೋಗಬಹುದಾದ ಅಸ್ತಿತ್ವವನ್ನು ಕುರಿತ ಕಥೆ ತಾನೂ ಅದೇ ರೀತಿಯಲ್ಲಿ ಅಳಿಸಿಹೋಗಿ ಮರಳಿತು. ಇದನ್ನು ರೂಪಿಸಿದ ಟಿಟ್‌ಮೌಸ್ ಸಂಸ್ಥೆಯ ವ್ಯಾಂಕೂವರ್ ಶಾಖೆಯ ನೌಕರರು 2020ರಲ್ಲಿ, ನ್ಯೂಯಾರ್ಕ್ ಶಾಖೆಯ ನೌಕರರು 2022ರಲ್ಲಿ ಕಾರ್ಮಿಕ ಸಂಘಕ್ಕೆ ಸೇರಿದ್ದೂ ಇದೇ ಅವಧಿಯ ಬೆಳವಣಿಗೆ. ಗೆರೆ ಎಳೆಯುವವರ ದುಡಿಮೆಯ ಪ್ರಶ್ನೆ ಪರದೆಯ ಹೊರಗೂ ಜೀವಂತವಾಗಿತ್ತು.

2023ರಲ್ಲಿ ಈ ಪ್ರಶ್ನೆ ಇನ್ನಷ್ಟು ಹತ್ತಿರ ಬಂತು. ಆ ವರ್ಷದ ಜುಲೈನಿಂದ ನವೆಂಬರ್‌ವರೆಗೆ ಅಮೆರಿಕದ ನಟರ ಸಂಘ 118 ದಿನಗಳ ಮುಷ್ಕರ ನಡೆಸಿತು. ನಟರ ಮುಖ ಮತ್ತು ಧ್ವನಿಯ ಡಿಜಿಟಲ್ ಪ್ರತಿಗಳನ್ನು ಒಪ್ಪಿಗೆಯಿಲ್ಲದೆ ಬಳಸಬಾರದೆಂಬುದು ಅದರ ಮುಖ್ಯ ಬೇಡಿಕೆಗಳಲ್ಲೊಂದು. ತೀರಿಕೊಂಡ ಕಲಾವಿದರ ಡಿಜಿಟಲ್ ಪ್ರತಿಗಳ ಬಳಕೆಗೆ ಸಂಬಂಧಿಸಿದ ಕಾಯಿದೆಗೆ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಅಂಕಿತ ಹಾಕಿತು. ಇತ್ತ ಕರ್ನಾಟಕದಲ್ಲಿ, ಮಾಹಿತಿ ತಂತ್ರಜ್ಞಾನ ವಲಯದ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ನೀಡುವ ಪ್ರಸ್ತಾವ 2024ರ ಜುಲೈನಲ್ಲಿ ಚರ್ಚೆಗೆ ಬಂದು, ನೌಕರರ ಸಂಘಟನೆಗಳಿಂದ ತೀವ್ರ ವಿರೋಧವನ್ನು ಎದುರಿಸಿತು. ಚಂದಾನ ಕಚೇರಿ ಕಲ್ಪಿತವಾದರೂ, ಅದರ ಕಿಟಕಿಗಳು ತೆರೆದುಕೊಳ್ಳುವ ಬೀದಿ ಬೆಂಗಳೂರಿನವರಿಗೆ ಅಪರಿಚಿತವಾದುದಲ್ಲ.

ಇಂಥ ಚರ್ಚೆಗಳಲ್ಲಿ ‘ಒಪ್ಪಿಗೆ’ ಎಂಬ ಪದ ಪದೇ ಪದೇ ಬರುತ್ತದೆ. ಡೇವಿಡ್ ಒಪ್ಪಿದ್ದ, ಚಂದಾ ಒಪ್ಪಿರಲಿಲ್ಲ. ಆದುದರಿಂದ ಮೊದಲನೆಯದು ಕರಾರು, ಎರಡನೆಯದು ಅಪರಾಧ ಎಂದು ಕಾನೂನು ವಿಂಗಡಿಸಬಹುದು. ಆದರೆ ಇಬ್ಬರೂ ತಲುಪುವ ಸ್ಥಿತಿ ಒಂದೇ ಆಗಿದೆ. ಇಬ್ಬರಿಗೂ ಕೆಲಸ ನಿಲ್ಲಿಸುವ ಅಧಿಕಾರವಿಲ್ಲ. ಹೊರಬರುವ ಬಾಗಿಲಿಲ್ಲದ ಕಡೆ ಒಳಬರುವಾಗ ಹಾಕಿದ ಸಹಿಗೆ ಬೆಲೆಯಿಲ್ಲ ಎಂಬುದು ಈ ಎರಡು ಕಥೆಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ದೊರೆಯುವ ತಿಳಿವಳಿಕೆ. ಕನ್ನಡದಲ್ಲಿ ಕೆಲಸ ಬಿಡುವುದಕ್ಕೆ ಬಳಕೆಯಲ್ಲಿರುವ ‘ರಾಜೀನಾಮೆ’ ಎಂಬ ಪದ ಪಾರಸಿಯ ಮೂಲಕ ಬಂದದ್ದು. ‘ರಾಜಿ’ ಎಂದರೆ ಒಪ್ಪಿದ, ‘ನಾಮೆ’ ಎಂದರೆ ಪತ್ರ. ಮೂಲದಲ್ಲಿ ಅದು ಒಪ್ಪಿಗೆಯ ಪತ್ರ. ಒಪ್ಪುವುದಕ್ಕೂ ಬಿಡುವುದಕ್ಕೂ ಒಂದೇ ಪದವನ್ನು ಭಾಷೆ ಇಟ್ಟುಕೊಂಡಿರುವುದು ಚರಿತ್ರೆಯ ಆಕಸ್ಮಿಕವಿರಬಹುದು. ಆದರೂ ಬಿಡಬಲ್ಲವನ ಒಪ್ಪಿಗೆ ಮಾತ್ರ ಒಪ್ಪಿಗೆ ಎಂಬ ವಿವೇಕ ಅದರಲ್ಲಿ ಉಳಿದುಬಂದಿದೆ. ‘ಪ್ಯಾಂಥಿಯನ್’ ಧಾರಾವಾಹಿಯ ಮೊದಲ ಸೀಸನ್, ತನ್ನ ಉತ್ತರಾರ್ಧದ ಗೊಂದಲಗಳ ನಡುವೆಯೂ, ಈ ವಿವೇಕವನ್ನು ನೆನಪಿಸುತ್ತದೆ. ರಾಜೀನಾಮೆ ನೀಡಲಾಗದ ನೌಕರನನ್ನು ಅದು ಕಣ್ಣೆದುರಿಗೆ ತಂದು ನಿಲ್ಲಿಸಿದೆ. ಯಂತ್ರಬುದ್ಧಿಯ ಸಾಮರ್ಥ್ಯವನ್ನು ಕುರಿತ ಬೆರಗು ಹೆಚ್ಚುತ್ತಿರುವ ಈ ದಿನಗಳಲ್ಲಿ, ಆ ಬುದ್ಧಿ ಯಾರ ದುಡಿಮೆಯಿಂದ ಕಟ್ಟಲ್ಪಟ್ಟಿದೆ ಮತ್ತು ಅವರಿಗೆ ಬಿಡುವ ಹಕ್ಕು ಇದೆಯೇ ಎಂದು ಕೇಳುವುದು ಸಾಹಿತ್ಯ ವಿಮರ್ಶೆಯ ಹೊರಗಿನ ಕೆಲಸವಾಗಲಾರದು.